ಘಣದ ನಾಯಿ, ಧೂಳಪ್ಪನ ಬಾಯಿ

ಬಿಜ್ಜರಗಿಯ ಧೂಳಪ್ಪನಿಗೆ ಬಾರದ ವಿದ್ಯೆ ಒಂದೇ ಒಂದಿತ್ತು. "ಗೊತ್ತಿಲ್ಲ" ಎನ್ನುವುದು ಅವನಿಗೆ ಬರುತ್ತಿರಲಿಲ್ಲ. ಉಳಿದದ್ದೆಲ್ಲ ಬರುತ್ತಿತ್ತು, ಇಲ್ಲವೆ ಬರುತ್ತದೆಂದು ಅವನು ಹೇಳುತ್ತಿದ್ದ. ಈ ಎರಡರ ನಡುವಿನ ಅಂತರ ಹೆಂಡತಿ ದುಂಡವ್ವನಿಗೆ ಮಾತ್ರ ಚೆನ್ನಾಗಿ ತಿಳಿದಿತ್ತು. ಆಕೆ ಅದನ್ನು ಯಾರ ಮುಂದೆಯೂ ಬಾಯಿಬಿಡುತ್ತಿರಲಿಲ್ಲ.

ಸುಳ್ಳು ಯಾಕೆ ಹೇಳಬೇಕು, ಒಂದು ವಿಷಯದಲ್ಲಿ ಧೂಳಪ್ಪನ ಮಾತಿಗೆ ಸುತ್ತ ಹತ್ತು ಊರು ತಲೆದೂಗುತ್ತಿದ್ದವು. ಅದು ಪ್ರಾಣಿಯ ತಳಿ ಹೇಳುವುದು. ಕುರಿಯಾದರೆ ಉಣ್ಣೆಯೊಳಗೆ ಬೆರಳು ಇಳಿಸಿ, ಕಣ್ಣು ಮುಚ್ಚಿ, ಯಾವ ಕಡೆಯ ಕುರಿ ಎಂದು ಹೇಳುತ್ತಿದ್ದ. ಮೇಕೆಯಾದರೆ ಕಿವಿ ಹಿಡಿದರೆ ಸಾಕು. ಎತ್ತಿನ ಮುಖವನ್ನು ಅವನು ನೋಡುತ್ತಲೇ ಇರಲಿಲ್ಲ, ಮುಖ ಮೋಸ ಮಾಡುತ್ತದೆ ಎನ್ನುತ್ತಿದ್ದ. ಹಿಂದಿನಿಂದ ಬಂದು ಗೊರಸು ನೋಡಿ, ಪಕ್ಕಕ್ಕೆ ಸರಿದು ಗಂಗೆದೊಗಲು ನೋಡಿ, ಕೊನೆಗೆ ಹೆಗಲ ಮೇಲೆ ಅಂಗೈ ಇಟ್ಟು ಒಂದಿಷ್ಟು ಹೊತ್ತು ಸುಮ್ಮನೆ ನಿಲ್ಲುತ್ತಿದ್ದ. "ಅಪ್ಪ ಖಿಲಾರಿ. ಅವ್ವ ಯಾಕೋ ಹಾದಿ ಮ್ಯಾಲಿನಾಕಿ" ಎಂದು ತೀರ್ಪು ಬರುತ್ತಿತ್ತು. ಬಬಲೇಶ್ವರದ ಸಂತೆಯಲ್ಲಿ ಅವನ ಕೆಂಪು ರುಮಾಲು ಕಂಡ ಕೂಡಲೇ ಕೆಲವರು ತಮ್ಮ ಎತ್ತುಗಳನ್ನು ಮೆಲ್ಲಗೆ ಆಚೆ ಕಡೆಗೆ ಹೊಡೆದುಕೊಂಡು ಹೋಗುತ್ತಿದ್ದರು.

ಅವನ ಬದುಕು ಇಷ್ಟೇ. ಒಂದಿಷ್ಟು ಒಣಬೇಸಾಯದ ಹೊಲ, ಒಂದು ಬಾವಿ, ಬಾವಿಯ ಮೇಲೊಂದು ಆಯಿಲ್ ಇಂಜಿನ್, ಮೂವತ್ತು ಚಿಲ್ಲರೆ ಕುರಿ. ಇಬ್ಬರು ಹೆಣ್ಣುಮಕ್ಕಳನ್ನು ಘೋಣಸಗಿಗೆ ಒಂದೇ ಮನೆಗೆ ಕೊಟ್ಟಿದ್ದ. ಹಾಗೆ ಕೊಡುವಾಗಲೂ ಬೀಗರ ಮನೆಯ ಎತ್ತು ನೋಡಿಯೇ ಒಪ್ಪಿದ್ದನೆಂದು ಊರವರು ಆಡಿಕೊಳ್ಳುತ್ತಿದ್ದರು. ಅದು ಪೂರ್ತಿ ಸುಳ್ಳಲ್ಲ.

ಎಪ್ಪತ್ನಾಲ್ಕನೆಯ ಇಸವಿ. ದೀಪಾವಳಿ ಮುಗಿದು ಚಳಿ ಹಿಡಿದಿತ್ತು. ಬಾವಿಯ ಇಂಜಿನ್ ಕೆಮ್ಮಿ ಕೆಮ್ಮಿ ಒಂದು ದಿನ ಕೂತೇ ಬಿಟ್ಟಿತು. ವಿಜಾಪುರದ ಸೊಲ್ಲಾಪುರ ರಸ್ತೆಯಲ್ಲಿ ಕಾಸಿಮಸಾಬನ ಗ್ಯಾರೇಜು. ಇಂಜಿನ್ ಅಲ್ಲಿಗೆ ಹೋಯಿತು. ರಿಪೇರಿಯಾಗಿದೆ ಎಂದು ಸುದ್ದಿ ಬಂದ ದಿನ ಧೂಳಪ್ಪ ಬಾಡಿಗೆ ಲಾರಿ ಹಿಡಿದು ಹೊರಟ. ಪೇಟೆಯಲ್ಲಿ ಸೀರೆ ನೋಡುವುದಿದೆ ಎಂದು ದುಂಡವ್ವನೂ ಹತ್ತಿಕೊಂಡಳು. ಸೀರೆ ತೆಗೆದುಕೊಳ್ಳುವುದಾಗಲಿಲ್ಲ. ಅದರ ಬದಲು ತಂದದ್ದೇ ಈ ಕಥೆ.

ಗ್ಯಾರೇಜಿನ ಮೂಲೆಯಲ್ಲಿ ಒಂದು ಪ್ರಾಣಿ ಮಲಗಿತ್ತು. ಎತ್ತರ ಅಂಥದ್ದೇನಲ್ಲ. ಬೆನ್ನೆಲ್ಲ ಬೂದಿಗಪ್ಪು, ಹೊಟ್ಟೆ ಕಾಲು ಬಿಳಿ, ನೆಟ್ಟಗೆ ನಿಂತ ಕಿವಿ, ಬೆನ್ನ ಮೇಲೆ ಸುತ್ತಿಕೊಂಡ ದಪ್ಪ ಬಾಲ. ಒಂದು ಕಣ್ಣು ಕಂದು. ಇನ್ನೊಂದು ತಿಳಿನೀಲಿ, ಸೋಡಾ ಬಾಟ್ಲಿಯ ಗೋಲಿಯಂತೆ. ಧೂಳಪ್ಪ ಜೀವಮಾನದಲ್ಲಿ ಇಂಥದ್ದನ್ನು ಕಂಡಿರಲಿಲ್ಲ. ಆದ್ದರಿಂದ ಕಂಡವನಂತೆ ಮುಖ ಮಾಡಿಕೊಂಡು ನಿಂತ.

ಕಾಸಿಮಸಾಬ ಕೈ ಒರೆಸಿಕೊಳ್ಳುತ್ತ ಬಂದು ಕಥೆ ಹೇಳಿದ. ಪರದೇಶದ ಗಂಡಹೆಂಡತಿ ಒಂದು ವ್ಯಾನಿನಲ್ಲಿ ಗೋಳಗುಮ್ಮಟ ನೋಡಲು ಬಂದಿದ್ದರು. ಅವರ ವ್ಯಾನು ಇವನ ಗ್ಯಾರೇಜಿನ ಮುಂದೆಯೇ ಪ್ರಾಣಬಿಟ್ಟಿತು. ಹನ್ನೊಂದು ದಿನ ಕಾದು, ವ್ಯಾನನ್ನು ಗುಜರಿಗೆ ಕೊಟ್ಟು, ಮುಂಬಯಿಯಿಂದ ವಿಮಾನ ಹತ್ತುತ್ತೇವೆ, ನಾಯಿಯನ್ನು ಒಯ್ಯಲು ಬರುವುದಿಲ್ಲ ಎಂದು ಅದರ ಕೊರಳು ತಬ್ಬಿ ಅತ್ತು, ಅವನ ಕೈಗೆ ಹಗ್ಗ ಕೊಟ್ಟು ಹೋಗಿದ್ದರು.

"ಮನಿಗೆ ಒಯ್ದೆ. ನಮ್ಮ ಮನಿಯಾಕಿ ಅಬೇದಾ ಎರಡ ದಿನ ತಡಕೊಂಡ್ಲು. ಚಹಾದಾಗ ಕೂದಲ, ಸಾರಿನಾಗ ಕೂದಲ. ನಾಯಿ ಇರಲಿ ಇಲ್ಲಾ ನಾ ಇರ್ಲಿ ಅಂದ್ಲು" ಎಂದ ಕಾಸಿಮಸಾಬ. "ಧೂಳಪ್ಪಣ್ಣಾ, ನೀವು ಎಲ್ಲಾದರದೂ ಜಾತಿ ಹೇಳ್ತೀರಿ. ಇದ್ಯಾವ ಜಾತಿ, ಹೇಳ್ರಿ ನೋಡೂಣು."

"ಅವ್ರು ಏನಂದ್ರು, ಮೊದಲ ಅದನ್ನ ಹೇಳು" ಎಂದ ಧೂಳಪ್ಪ. ಅವನ ಜಾಣತನ ಇಂಥಲ್ಲೇ ಇತ್ತು.

"ಅದೇನೋ ಹಸ್ಕಿ ಹಸ್ಕಿ ಅಂತ ಅಂದ್ರು. ನಾ ವಿಸ್ಕಿ ಕೇಳಾಕತ್ತಾರ ಅಂತ ತಿಳದು, ಅದೆಲ್ಲಾ ನಮ್ಮಲ್ಲಿ ಇಲ್ಲ ಸಾಹೇಬ್ರ, ಆ ಕಡೆ ಅಂಗಡಿ ಐತಿ ಅಂತ ಕೈ ಮಾಡಿದೆ. ಆಮ್ಯಾಲ ನಾಯಿ ತೋರ್ಸಿ, ಸ್ಲೆಜ್ ಡಾಗ್ ಅಂದ್ರು. ಅದು ತಿಳೀತು. ಸ್ಲೆಜ್ ನಾಯಿ."

"ಸ್ಲೆಜ್ ಅಂದ್ರ?"

"ಅಯ್ಯ, ಸ್ಲೆಜ್ ಗೊತ್ತಿಲ್ಲೇನ್ರಿ?"

"ಗೊತ್ತೈತಿ. ನಿನ್ನ ಬಾಯಾಗ ಕೇಳೂಣಂತ ಕೇಳಿದೆ."

ಕಾಸಿಮಸಾಬ ಗೋಡೆಗೆ ಆನಿಸಿಟ್ಟಿದ್ದ ದೊಡ್ಡ ಘಣದ ಕಡೆಗೆ ಬೆರಳು ತೋರಿಸಿದ. ಕಬ್ಬಿಣ ಬಡಿಯುವ, ಎರಡೂ ಕೈಯಿಂದ ಎತ್ತಬೇಕಾದ ಘಣ. ಸೊಲ್ಲಾಪುರ ರಸ್ತೆಯ ಎಲ್ಲ ಗ್ಯಾರೇಜುಗಳಲ್ಲೂ ಅದರ ಇಂಗ್ಲಿಷ್ ಹೆಸರು ಸ್ಲೆಜ್. "ಇದಾ ನೋಡ್ರಿ ಸ್ಲೆಜ್. ಘಣದ ನಾಯಿ ಅಂತ ಅರ್ಥ."

ಧೂಳಪ್ಪ ಕುಕ್ಕುರುಗಾಲಲ್ಲಿ ಕೂತ. ಬೆರಳ ಗಣ್ಣಿನಿಂದ ನಾಯಿಯ ಹಣೆಯ ಮೇಲೆ ಎರಡು ಸಲ ಮೆಲ್ಲಗೆ ತಟ್ಟಿದ. ನಾಯಿ ಅವನನ್ನು ಒಂದು ಕಂದು, ಒಂದು ನೀಲಿ ಕಣ್ಣಿನಿಂದ ನೋಡಿತು.

"ಹೌದು" ಎಂದ ಧೂಳಪ್ಪ ಗಂಭೀರವಾಗಿ. "ಬುರುಡಿ ನೋಡು. ಇವು ತಲಿಲೇ ಬಡೀತಾವ. ಹಾಯ್ದ್ರ ಗ್ವಾಡಿ ನಿಲ್ಲೂದಿಲ್ಲ."

ಅಷ್ಟರಲ್ಲಿ ದುಂಡವ್ವ ಹಳೆಯ ಟಾಯರಿನ ಮೇಲೆ ಕೂತು ಬುತ್ತಿ ಬಿಚ್ಚಿದ್ದಳು. ಗೋಡೆ ಕೆಡಹುವ ನಾಯಿ ಎದ್ದು ಹೋಗಿ ಆಕೆಯ ಮೊಣಕಾಲಿನ ಮೇಲೆ ಗಲ್ಲ ಇಟ್ಟಿತು. ರೊಟ್ಟಿಯ ಕಡೆ ನೋಡಲೂ ಇಲ್ಲ. ಸುಮ್ಮನೆ ಗಲ್ಲವಿಟ್ಟು ಕಣ್ಣು ಮುಚ್ಚಿತು. ದುಂಡವ್ವ ಅರ್ಧ ರೊಟ್ಟಿ ಮುರಿದು ಅದರ ಬಾಯಿಗಿಟ್ಟಳು. ಇಂಜಿನ್ ಲಾರಿಗೆ ಏರಿದಾಗ ಗಂಡನನ್ನು ಕೇಳದೆ ನಾಯಿಯ ಹಗ್ಗ ಹಿಡಿದು ತಾನೂ ಏರಿದಳು. ಧೂಳಪ್ಪ ಏನೋ ಹೇಳಬೇಕೆಂದು ಬಾಯಿ ತೆರೆದ. ಹೆಂಡತಿಯ ಮುಖ ನೋಡಿ, ಗಾಳಿ ಕುಡಿದು ಬಾಯಿ ಮುಚ್ಚಿದ.

ಊರಲ್ಲಿ ಅದಕ್ಕೆ ಘಣ್ಯಾ ಎಂದು ಹೆಸರಾಯಿತು. ಧೂಳಪ್ಪ ಕಟ್ಟೆಯ ಮೇಲೆ ಕೂತು ಘಣದ ನಾಯಿಯ ಗುಣಗಳನ್ನು ವರ್ಣಿಸಿದ್ದರಿಂದ ಮೊದಲ ಎಂಟು ದಿನ ಯಾರೂ ಅದರ ಎದುರು ನಿಲ್ಲಲಿಲ್ಲ. ಎದುರು ಬಂದವರು ಗೋಡೆಗೆ ಒರಗಿ ದಾರಿ ಬಿಡುತ್ತಿದ್ದರು. ಘಣ್ಯಾ ಯಾರಿಗೂ ಹಾಯಲಿಲ್ಲ. ಬಾವಿಯ ಹತ್ತಿರ ನೀರು ಚೆಲ್ಲಿ ಕೆಸರಾದ ಜಾಗ ಹುಡುಕಿ, ನಾಲ್ಕೂ ಕಾಲು ಚೆಲ್ಲಿ ಮಲಗುತ್ತಿತ್ತು. ಊರೆಲ್ಲ ಕಂಬಳಿ ಹೊದ್ದು ಬೆಂಕಿ ಕಾಯಿಸುವ ಚಳಿಯಲ್ಲಿ ಅದಕ್ಕೆ ಕೆಸರು ಬೇಕಾಗುತ್ತಿತ್ತು. ಆ ಕಡೆ ಯಾರಾದರೂ ಬಂದರೆ ಬೊಗಳುತ್ತಲೂ ಇರಲಿಲ್ಲ.

ಬೊಗಳದಿದ್ದರೂ ಅದಕ್ಕೆ ಮಾತು ಬರುತ್ತಿತ್ತು. ದುಂಡವ್ವ ರೊಟ್ಟಿ ಬಡಿಯುವಾಗ ಎದುರು ಕೂತು "ಊಂ... ಅವ್ವೂಂ..." ಎಂದು ರಾಗ ತೆಗೆಯುತ್ತಿತ್ತು. ಆಕೆಯೂ "ಹೌದೇನು? ಮತ್ತೇನಂದಿ?" ಎಂದು ಕೇಳುತ್ತಿದ್ದಳು. ನಲವತ್ತು ವರ್ಷದಿಂದ ಆ ಮನೆಯಲ್ಲಿ ಮಾತು ಎಂದರೆ ಧೂಳಪ್ಪನದು, ಕೇಳುವುದು ಎಂದರೆ ದುಂಡವ್ವನದು ಎಂದು ನಡೆದುಕೊಂಡು ಬಂದಿತ್ತು. ಈಗ ಅಡುಗೆಮನೆಯೊಳಗಿಂದ ಹೆಂಡತಿಯ ನಗು ಕೇಳಿ ಬರುತ್ತಿತ್ತು. ಧೂಳಪ್ಪ ಹೊರಗೆ ಕೂತು, ತಾನು ಹೇಳಿದ ಯಾವ ಮಾತಿಗಾದರೂ ಆಕೆ ಹೀಗೆ ನಕ್ಕಿದ್ದಳೇ ಎಂದು ನೆನಪು ಮಾಡಿಕೊಂಡ. ಒಂದೂ ನೆನಪಾಗಲಿಲ್ಲ. ಅವನಿಗೆ ಹೊಟ್ಟೆಕಿಚ್ಚಾಯಿತು, ನಾಯಿಯ ಮೇಲೆ.

ಅನಾಹುತ ಮಾಡಿದ್ದು ಬಬಲೇಶ್ವರದ ಸಂತೆ. ಚಹಾದಂಗಡಿಯಲ್ಲಿ ಯಾರೋ ಕುಚೋದ್ಯದವನು, "ಏನ್ ಧೂಳಪ್ಪಣ್ಣಾ, ನಿಮ್ಮ ಘಣದ ನಾಯಿ ಎಷ್ಟು ಗ್ವಾಡಿ ಕೆಡವಿತು?" ಎಂದ. ಬೆಂಚಿನ ಮೇಲಿದ್ದವರೆಲ್ಲ ನಕ್ಕರು. "ಅದರ ಜಾತಿ ನನಗೂ ತಿಳಿದಿಲ್ಲಪ್ಪಾ" ಎಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಆ ಮಾತು ಆ ಬಾಯಿಗೆ ಗೊತ್ತೇ ಇರಲಿಲ್ಲವಲ್ಲ. ಧೂಳಪ್ಪ ಬಸಿಯಲ್ಲಿದ್ದ ಚಹಾ ಸೊರ್ರೆಂದು ಕುಡಿದು, ಬಸಿ ಕೆಳಗಿಟ್ಟು, ದನಿ ತಗ್ಗಿಸಿ, "ಹುಚ್ಚಪ್ಪಗಳಿರಾ, ಅದು ಬರೇ ನಾಯಿ ಅಲ್ಲ. ಎಂಟಾಣೆ ನಾಯಿ, ಎಂಟಾಣೆ ತೋಳ. ಬೊಗಳೂದಿಲ್ಲ, ನೋಡಿಲ್ಲೇನು? ಒಳಗ ತೋಳದ ರಕ್ತ ಐತಿ" ಎಂದುಬಿಟ್ಟ.

ನಗು ನಿಂತಿತು. ಧೂಳಪ್ಪನಿಗೆ ಹಿತವಾಯಿತು. ಅವನು ಊರಿಗೆ ಬಂದು ಮುಟ್ಟುವ ಮೊದಲೇ ಆ ಮಾತು ಬಂದು ಕಟ್ಟೆಯ ಮೇಲೆ ಕೂತಿತ್ತು.

ಕುರಿ ಸಾಕುವ ಊರಲ್ಲಿ ತೋಳ ಎನ್ನುವುದು ಚಹಾದಂಗಡಿಯ ಮಾತಲ್ಲ. ಮಾಘದಲ್ಲಿ ಗುಡ್ಡದ ಕಡೆಯಿಂದ ತೋಳ ಬಂದು ಯಲಗೂರಪ್ಪನ ಕುರಿಹಟ್ಟಿಯಿಂದ ಎರಡು ಮರಿ ಒಯ್ದವು. ಯಲಗೂರಪ್ಪ ಊರಲ್ಲೇ ಹೆಚ್ಚು ಕುರಿ ಇದ್ದವನು, ಸಿಟ್ಟೂ ಅಷ್ಟೇ ಹೆಚ್ಚು. ಮರುದಿನ ಹೊತ್ತು ಮುಳುಗುವಾಗ ಘಣ್ಯಾ ಬಾವಿಯ ದಂಡೆಯ ಮೇಲೆ ಕೂತು, ಮೂತಿ ಮೇಲೆತ್ತಿ, ಉದ್ದಕ್ಕೆ ಊಳಿಟ್ಟಿತು. ಗುಡ್ಡದ ಕಡೆಯಿಂದ ಅದಕ್ಕೆ ಉತ್ತರ ಬಂತು. ಊರಿಗೆ ಊರೇ ಕಿವಿಗೊಟ್ಟು ಕೇಳಿತು.

ಬೆಳಿಗ್ಗೆ ಯಲಗೂರಪ್ಪ ಆರು ಮಂದಿಯನ್ನು ಕಟ್ಟಿಕೊಂಡು ಧೂಳಪ್ಪನ ಮನೆಯ ಮುಂದೆ ನಿಂತಿದ್ದ. ಎಲ್ಲರ ಕೈಯಲ್ಲೂ ಬಡಿಗೆ.

"ಕಾಕಾ, ಇದು ಕರೀತೈತಿ, ಅವು ಬರ್ತಾವ. ನಿಮ್ಮ ಬಾಯಿಲೇ ನೀವು ತೋಳ ಅಂದೀರಿ. ಇನ್ನ ಯಾಕ ಇಟ್ಕೊಂಡೀರಿ?"

"ಎಂಟಾಣೆ ಅಂದೀನಿ" ಎಂದ ಧೂಳಪ್ಪ. ತನ್ನ ಕಿವಿಗೇ ಅದು ಹಗುರಾಗಿ ಕೇಳಿಸಿತು.

"ಎಂಟಾಣೆ ತೋಳ ಅರ್ಧ ಕುರಿ ತಿಂದು ಬಿಡತೈತೇನು? ನಾಯಿ ಅಂದ್ರ ನಾಯಿ, ತೋಳ ಅಂದ್ರ ತೋಳ. ನಾಳಿ ಹೊತ್ತೇರಿದಾಗ ಎಲ್ಲಾರ ಮುಂದ ಹೇಳ್ರಿ. ನಾಯಿ ಅನ್ನೂದು ಕಾಣಸ್ರಿ, ನಾವು ಮನಿಗೆ ಹೋಗ್ತೀವಿ. ಇಲ್ಲಾ ನಾವು ಇದನ್ನ ಇಲ್ಲೇ ಮುಗಸ್ತೀವಿ."

ಅವರು ಹೋದ ಮೇಲೆ ಧೂಳಪ್ಪ ಒಳಗೆ ಬಂದ. ಹೆಂಡತಿ ಅಳುತ್ತಿರಬಹುದು, ಜಗಳ ತೆಗೆಯಬಹುದು ಎಂದುಕೊಂಡಿದ್ದ. ದುಂಡವ್ವ ನಾಯಿಯ ಮೈಯಿಂದ ಉದುರುವ ಉಣ್ಣೆಯನ್ನು ಬಾಚಣಿಗೆಯಿಂದ ತೆಗೆದು ಪುಟ್ಟಿಗೆ ತುಂಬುತ್ತಿದ್ದಳು. ನೂಲುತ್ತೇನೆ ಎಂದು ಹದಿನೈದು ದಿನದಿಂದ ಕೂಡಿಡುತ್ತಿದ್ದಳು.

"ನಾಳಿ ನೀವು ನೋಡಿದ್ದು ಹೇಳ್ರಿ" ಎಂದಳು ತಲೆ ಎತ್ತದೆ. "ಹೊಳೆದದ್ದು ಬ್ಯಾಡ." ಇನ್ನಷ್ಟು ಹೊತ್ತು ಬಾಚಿ, "ಇದು ಹೋದ್ರ ಮನಿ ಮತ್ತ ಸುಮ್ಮನಾಗ್ತೈತಿ" ಎಂದಳು.

ಮನೆಯಲ್ಲಿ ದಿನವಿಡೀ ಮಾತಾಡುತ್ತಿದ್ದವನು ತಾನು. ಆದರೂ ಆಕೆಗೆ ಮನೆ ಸುಮ್ಮನಿತ್ತಂತೆ. ಧೂಳಪ್ಪನಿಗೆ ಆ ಮಾತು ಎದೆಯಲ್ಲಿ ಮುಳ್ಳು ಮುರಿದ ಹಾಗಾಯಿತು.

ಅವನು ಕೂತು ಮೊದಲ ಸಲ ನಾಯಿಯನ್ನು ಸರಿಯಾಗಿ ನೋಡಿದ. ಉಣ್ಣೆಯೊಳಗೆ ಬೆರಳು ಇಳಿಸಿದ. ಎರಡು ಪದರ ಇತ್ತು. ಮೇಲೆ ಮೇಕೆಯ ಹಾಗೆ ಬಿರುಸು ಕೂದಲು, ಒಳಗೆ ಕುರಿಮರಿಯ ಹಾಗೆ ಮೆತ್ತನೆ ಉಣ್ಣೆ. ಕರ್ವಾನಿ ಬೇಟೆನಾಯಿಯ ಮೈಯಲ್ಲಿ ಇದಿಲ್ಲ, ಕುರಿಹಟ್ಟಿಯ ನಾಯಿಗಳಲ್ಲೂ ಇಲ್ಲ. ತೋಳದ ಮೈಯಲ್ಲಿ ಇದ್ದರೂ ಇರಬಹುದು. ಕಣ್ಣು ಮುಚ್ಚಿ ಕೂತ. ಬೆರಳು ಏನೂ ಹೇಳಲಿಲ್ಲ. ಅವನಿಗೆ ನಿಜವಾಗಿ ಹೆದರಿಕೆಯಾಯಿತು.

ಆಗ ಟಿಕೋಟಾದ ಗುರಲಿಂಗಪ್ಪ ಮಾಸ್ತರರ ನೆನಪಾಯಿತು. ಸಾಲಿ ಕಲಿಸಿ ನಿವೃತ್ತರಾದವರು, ಮನೆಯಲ್ಲಿ ದಪ್ಪ ದಪ್ಪ ಪುಸ್ತಕ ಇಟ್ಟವರು. ಬಸ್ಸಿನವರು ನಾಯಿಯನ್ನು ಹತ್ತಿಸುವುದಿಲ್ಲ. ತಾನಿಲ್ಲದೆ ನಾಯಿಯನ್ನು ಊರಲ್ಲಿ ಬಿಟ್ಟುಹೋಗಲು ಧೈರ್ಯವಿಲ್ಲ. ಹಗ್ಗ ಹಿಡಿದು ಆ ಬೆಳಿಗ್ಗೆಯೇ ನಡೆದುಕೊಂಡು ಹೊರಟ.

ನಡೆದ ಎನ್ನುವುದು ಗೌರವದ ಮಾತು. ಊರು ದಾಟಿದ ಕೂಡಲೇ ಘಣ್ಯಾ ತಲೆ ತಗ್ಗಿಸಿ, ಎದೆ ಮುಂದೆ ಮಾಡಿ, ಹಗ್ಗ ಬಿಗಿದುಕೊಂಡು ಹೊರಟಿತು. ಧೂಳಪ್ಪ ಹಿಂದೆ ಹಾರುಗಾಲು ಹಾಕಿದ. ಹಿಂದಕ್ಕೆ ಜಗ್ಗಿದರೆ ಅದು ಮತ್ತಷ್ಟು ಹುರುಪಿನಿಂದ ಮುಂದಕ್ಕೆ ಜಗ್ಗುತ್ತಿತ್ತು. ದಾರಿಯುದ್ದಕ್ಕೂ ನಾಯಿಗೂ, ಅದನ್ನು ತಂದ ಪರದೇಶದವರಿಗೂ, ಕಾಸಿಮಸಾಬನ ಗ್ಯಾರೇಜಿಗೂ ಬೈದ. ಎದುರು ಬಂದ ಬಂಡಿಯವನು, "ಯಾರು ಯಾರನ್ನ ಒಯ್ಯಾಕತ್ತೀರಿ?" ಎಂದು ಕೇಳಿ ಹೋದ. ಟಿಕೋಟಾ ಮುಟ್ಟಿದಾಗ ಧೂಳಪ್ಪನ ಎರಡೂ ತೋಳು ಸೋತಿದ್ದವು, ರುಮಾಲು ಕೊರಳಿಗೆ ಇಳಿದಿತ್ತು. ನಾಯಿ ನಾಲಿಗೆ ಚಾಚಿ, ಇನ್ನೂ ಎಲ್ಲಿಗೆ ಎಂಬಂತೆ ಅವನ ಮುಖ ನೋಡುತ್ತಿತ್ತು.

ಮಾಸ್ತರರು ಎಲ್ಲ ಕೇಳಿಸಿಕೊಂಡರು. ಕನ್ನಡಕ ಏರಿಸಿ, ಇಂಗ್ಲಿಷ್ ಶಬ್ದಕೋಶ ತೆಗೆದು, ಬೆರಳಿಗೆ ಎಂಜಲು ಹಚ್ಚಿ ಹಾಳೆ ತಿರುವಿದರು.

"ಸ್ಲೆಜ್. ಹಾಂ. ಇಲ್ಲಿ ಎರಡು ಅರ್ಥ ಅದಾವ ನೋಡಪ್ಪಾ. ಒಂದು, ಘಣ."

"ಅದು ಗೊತ್ತೈತ್ರಿ."

"ಎರಡನೇದು, ಬರ್ಫದ ಮ್ಯಾಲ ಎಳಿಯೂ ಬಂಡಿ. ಗಾಲಿ ಇಲ್ಲದ್ದು."

ಧೂಳಪ್ಪನಿಗೆ ಬರ್ಫ ಎಂದರೆ ವಿಜಾಪುರದಲ್ಲಿ ಗೋಣಿಚೀಲ ಹೊದಿಸಿ ಮಾರುವ ಮಂಜುಗಡ್ಡೆ. ಅದರ ಮೇಲೆ ಬಂಡಿ ಹೇಗೆ ನಿಲ್ಲುತ್ತದೆ ಎಂದು ಯೋಚಿಸುತ್ತ, "ಗಾಲಿ ಇಲ್ಲಂದ್ರ ಅದೆಂಥಾ ಬಂಡಿರಿ?" ಎಂದ.

"ಅಯ್ಯ, ನೀನು ಹೊಲದಾಗ ನೆಲ ಸಮ ಮಾಡಾಕ ಹಲಗಿ ಹೊಡಿಯೂದಿಲ್ಲೇನು? ಅದಕ್ಕ ಗಾಲಿ ಅದಾವೇನು? ಹಂಗ. ಆ ದೇಶದಾಗ ನೆಲದ ತುಂಬ ಬರ್ಫ ಬಿದ್ದಿರ್ತೈತಿ. ಎತ್ತು ನಡಿಯಾಕ ಬರೂದಿಲ್ಲ. ನಾಯಿಗೆ ಕಟ್ಟಿ ಎಳಸ್ತಾರ."

ಧೂಳಪ್ಪ ಸೋತ ತನ್ನ ತೋಳುಗಳನ್ನು ನೋಡಿಕೊಂಡ. ನಾಯಿಯನ್ನು ನೋಡಿದ. ಎದ್ದು ಅದರ ಹಿಂದಕ್ಕೆ ಹೋದ. ಪಾದ ನೋಡಿದ, ಪಕ್ಕಕ್ಕೆ ಸರಿದು ಎದೆಯ ಅಗಲ ನೋಡಿದ, ಕೊನೆಗೆ ಹೆಗಲ ಮೇಲೆ ಅಂಗೈ ಇಟ್ಟ. ಅಂಗೈಯಡಿ ಗಟ್ಟಿಯಾದ, ಅಗಲವಾದ, ನೊಗ ಕೇಳುವ ಹೆಗಲು ಸಿಕ್ಕಿತು. ಇಷ್ಟು ದಿನ ಇದನ್ನು ಕಿವಿ, ಬಾಲ, ಬುರುಡೆ, ದನಿ ಎಂದು ನಾಯಿಯ ಲೆಕ್ಕದಲ್ಲೇ ನೋಡುತ್ತಿದ್ದ. ಎತ್ತಿನ ಲೆಕ್ಕದಲ್ಲಿ ನೋಡಿರಲಿಲ್ಲ. ಸಂತೆಯಲ್ಲಿ ನೂರಾರು ಮಂದಿಗೆ ಎತ್ತಿನ ಮುಖ ನೋಡಬೇಡಿ ಎಂದವನು, ಇಲ್ಲಿ ನೀಲಿ ಕಣ್ಣು ನೋಡಿ ಮೋಸಹೋಗಿದ್ದ.

"ಎಳಿಯೂ ಜಾತಿ" ಎಂದ ಮೆಲ್ಲಗೆ. ಅವನ ಕಣ್ಣು ಒದ್ದೆಯಾದವು. ಮಾಸ್ತರರು ಅದನ್ನು ದಣಿವು ಎಂದುಕೊಂಡು ಒಳಗಿನಿಂದ ಮಜ್ಜಿಗೆ ತರಿಸಿದರು.

ಮರುದಿನ ಹೊತ್ತೇರುವ ಹೊತ್ತಿಗೆ ಮನೆಯ ಮುಂದಿನ ಬಯಲಿನಲ್ಲಿ ಊರು ನೆರೆಯಿತು. ಧೂಳಪ್ಪ ಬಿತ್ತಿದ ಮೇಲೆ ನೆಲ ಸಮ ಮಾಡುವ ಸಣ್ಣ ಹಲಗೆಯೊಂದನ್ನು ತಂದು ಧೂಳಿನಲ್ಲಿ ಇಟ್ಟಿದ್ದ. ದುಂಡವ್ವ ರಾತ್ರಿ ಕೂತು ಹಳೆಯ ಕಂಬಳಿ ಮಡಚಿ ಹೊಲಿದ ಎದೆಪಟ್ಟಿಯನ್ನು ಘಣ್ಯಾನಿಗೆ ತೊಡಿಸಿ, ಹಗ್ಗ ಹಲಗೆಗೆ ಬಿಗಿದಿದ್ದರು. ಎಲ್ಲರಿಗಿಂತ ಮೊದಲು ಬಂದವಳು ಯಲಗೂರಪ್ಪನ ತಾಯಿ ಮುದುಕವ್ವ. ಊರಲ್ಲೇ ಹಿರಿಯಳು, ಒಂದು ಹಿಡಿ ಮೈ, ಕಣ್ಣು ಮಂಜು. ಕೂರಲು ಜಾಗ ತಡಕಾಡಿ, ಹಲಗೆ ಸಿಕ್ಕಿದ ಕೂಡಲೇ ಅದರ ಮೇಲೆ ಕೂತು ಎಲೆಅಡಿಕೆ ಬಿಚ್ಚಿದಳು. ಆಕೆಯನ್ನು ಎಬ್ಬಿಸುವ ಧೈರ್ಯ ಯಾರಿಗೂ ಇರಲಿಲ್ಲ, ಮಗನಿಗಂತೂ ಮೊದಲೇ ಇಲ್ಲ.

ಧೂಳಪ್ಪ ಹೇಳಿದ. ಬರ್ಫದ ದೇಶ ಹೇಳಿದ, ಗಾಲಿ ಇಲ್ಲದ ಬಂಡಿ ಹೇಳಿದ. "ತೋಳಕ್ಕ ಹಗ್ಗ ಕಟ್ರಿ, ಹಿಂದಕ್ಕ ಜಗ್ಗಿ ಸಾಯ್ತೈತಿ. ಇದು ಮುಂದಕ್ಕ ಎಳೀತೈತಿ. ಹಗ್ಗಕ್ಕ ಎದಿ ಕೊಡೂದು ಮನಷ್ಯಾರ ಮನಿ ಮುಂದ ಹುಟ್ಟಿದ ಪ್ರಾಣಿ ಅಷ್ಟ" ಎಂದ. ಎಂದೂ ಇಷ್ಟು ನಿಜ ಹೇಳಿರಲಿಲ್ಲ.

ಯಲಗೂರಪ್ಪ ಬಡಿಗೆ ನೆಲಕ್ಕೆ ಊರಿ ನಕ್ಕ. "ಕಾಕಾ, ಮೊದಲ ಘಣ ಅಂದ್ರಿ. ಆಮ್ಯಾಲ ತೋಳ ಅಂದ್ರಿ. ಈಗ ಎತ್ತು ಅಂತೀರಿ. ನಾಡದು ಆನಿ ಅಂತೀರೇನು?"

"ಎಳಿಸಿ ತೋರಸ್ತೀನಿ, ನೋಡು" ಎಂದು ಧೂಳಪ್ಪ ಹಲಗೆಯ ಹಿಂದೆ ನಿಂತು, ಎತ್ತು ಹೊಡೆಯುವ ದನಿಯಲ್ಲಿ "ಹೋ... ಹೋ..." ಎಂದ. ಘಣ್ಯಾ ಹೊರಳಿ ಅವನ ಕಡೆ ಮುಖಮಾಡಿ ಕೂತಿತು. ಮತ್ತೆ "ಹೋ" ಎಂದ. ಅದು ಆಕಳಿಸಿತು. ಬೆನ್ನು ತಟ್ಟಿದ, ಮುಂದೆ ಹೋಗಿ ಚಪ್ಪಾಳೆ ಹೊಡೆದ, ಕೊನೆಗೆ ರೊಟ್ಟಿ ತೋರಿಸಿದ. ನಾಯಿ ಕೂತಲ್ಲಿಂದ ಅಲುಗಲಿಲ್ಲ. ಯಾರೋ ಹೋ ಎಂದು ನಕ್ಕರು. ಯಲಗೂರಪ್ಪ ನಗಲಿಲ್ಲ. ಬಡಿಗೆಯನ್ನು ನೆಲದಿಂದ ಎತ್ತಿ ಹಿಡಿದು ಒಂದು ಹೆಜ್ಜೆ ಮುಂದಿಟ್ಟ.

ಧೂಳಪ್ಪ ಬಾಗಿಲ ಕಡೆ ನೋಡಿದ. ದುಂಡವ್ವ ಸೆರಗು ಬಾಯಿಗೆ ಒತ್ತಿ ನಿಂತಿದ್ದಳು. ಅಲ್ಲೇ ಇನ್ನೊಂದು ಸುಳ್ಳು, ಚೆಂದದ ಸುಳ್ಳು, ನಾಲಿಗೆಯ ತುದಿಗೆ ಬಂದು ನಿಂತಿತ್ತು. ಮಾಘದಲ್ಲಿ ಈ ಜಾತಿ ಎಳೆಯುವುದಿಲ್ಲ ಎಂದರಾಗಿತ್ತು. ಅವನು ಅದನ್ನು ನುಂಗಿದ. ನಾಯಿಗೂ ಬಡಿಗೆಗೂ ನಡುವೆ ಹೋಗಿ ನಿಂತ.

"ಗೊತ್ತಿರಲಿಲ್ಲ" ಎಂದ.

"ಏನು?" ಎಂದ ಯಲಗೂರಪ್ಪ.

"ನನಗ ಗೊತ್ತಿರಲಿಲ್ಲ! ಗ್ಯಾರೇಜಿನ್ಯಾಗ ಗೊತ್ತಿರಲಿಲ್ಲ, ಸಂತ್ಯಾಗೂ ಗೊತ್ತಿರಲಿಲ್ಲ. ನಗತಾರ ಅಂತ ತೋಳ ಅಂದೆ. ತಪ್ಪು ಮಾಡಿದ್ದು ಈ ನಾಲಿಗಿ, ಆ ನಾಯಿ ಅಲ್ಲ. ಬಡಿಯೂದಿದ್ರ ಇದನ್ನ ಬಡೀರಿ" ಎಂದು ನಾಲಿಗೆ ಹೊರಹಾಕಿ ನಿಂತ.

ಧೂಳಪ್ಪನ ಬಾಯಲ್ಲಿ ಆ ಮಾತು ಊರು ಹುಟ್ಟಿದ ಮೇಲೆ ಇದೇ ಮೊದಲು. ಹಿಂದೆ ನಿಂತವರು ಮುಂದಿನವರನ್ನು "ಏನಂದ, ಏನಂದ?" ಎಂದು ಕೇಳಿದರು. ಯಲಗೂರಪ್ಪನ ಬಡಿಗೆ ತಾನಾಗಿ ಇಳಿಯಿತು. "ಕಾಕಾ, ಇನ್ನೊಮ್ಮೆ ಅನ್ರಿ" ಎಂದ, ಅಪನಂಬಿಕೆಯಿಂದ.

ಬಾಗಿಲಲ್ಲಿದ್ದ ದುಂಡವ್ವನಿಗೆ ಅಳು ತಡೆಯಲಾಗಲಿಲ್ಲ. ಮಂದಿಯ ಮುಂದೆ ಅಳಬಾರದೆಂದು ಬಾವಿಯ ಕಡೆಗೆ ಹೊರಳಿ ಬಿರಬಿರನೆ ನಡೆದಳು. ಅಷ್ಟೇ ಸಾಕಾಯಿತು. ಘಣ್ಯಾ ಎದ್ದಿತು, ತಲೆ ತಗ್ಗಿಸಿತು, ಎದೆಪಟ್ಟಿಗೆ ಮೈಕೊಟ್ಟು ಆಕೆಯ ಹಿಂದೆ ಹೊರಟಿತು. ಹಗ್ಗ ಬಿಗಿಯಿತು, ಹಲಗೆ ಕದಲಿತು, ಹಲಗೆಯ ಜೊತೆ ಮುದುಕವ್ವನೂ ಕದಲಿದಳು.

"ಯಪ್ಪಾ, ನೆಲ ಹೊಂಟೈತಿ!" ಎಂದು ಮುದುಕಿ ಕೂಗಿದಳು. ಜನ ಎರಡು ಪಾಲಾಗಿ ದಾರಿ ಬಿಟ್ಟರು. ಧೂಳೆಬ್ಬಿಸಿಕೊಂಡು, ಎಲೆಅಡಿಕೆಯ ಚೀಲ ಎದೆಗೆ ಅವಚಿಕೊಂಡು, ಮುದುಕವ್ವ ಊರವರ ಎದುರಿನಿಂದ ಬಾವಿಯ ತನಕ ಸಾಗಿದಳು. ದುಂಡವ್ವ ಸದ್ದು ಕೇಳಿ ತಿರುಗಿ ನಿಂತಾಗ ನಾಯಿ ಆಕೆಯ ಕಾಲ ಹತ್ತಿರ ಕೂತಿತ್ತು.

ಯಲಗೂರಪ್ಪ ಓಡಿಬಂದು, "ಯವ್ವಾ, ಪೆಟ್ಟಾತೇನ ಬೇ?" ಎಂದ.

"ಪೆಟ್ಟು ಎಲ್ಲಿದು? ನಿಮ್ಮಪ್ಪನ ಬಂಡಿಗಿಂತ ಚಲೋ ಐತಿ" ಎಂದಳು ಮುದುಕವ್ವ. "ಹತ್ತ ದಿನದಿಂದ ಹಟ್ಟಿ ಬೇಲಿ ಹರದೈತಿ, ಮುಳ್ಳು ತಂದು ಕಟ್ಟೋ ಅಂದೆ. ಕಟ್ಟಿದೇನು? ತೋಳ ಬಾರದ ಇನ್ನೇನು ಬೀಗರು ಬರ್ತಾರ? ಬಡಿಗಿ ಹಿಡಕೊಂಡು ನಾಯಿ ಬಡಿಯಾಕ ಬಂದಾನ ನೋಡು, ಶ್ಯಾಣ್ಯಾ."

ಊರು ಬಿದ್ದು ಬಿದ್ದು ನಕ್ಕಿತು. ಯಲಗೂರಪ್ಪ ಬಡಿಗೆಯನ್ನು ಕಂಕುಳಲ್ಲಿ ಅವಚಿಕೊಂಡು, ತಾಯಿಗೆ ಕೈಕೊಟ್ಟು ಎಬ್ಬಿಸಲು ನೋಡಿದ. ಮನೆಯ ತನಕ ಹೀಗೆಯೇ ಹೋಗುತ್ತೇನೆ ಎಂದು ಆಕೆ ಹಟ ಹಿಡಿದಳು. ದುಂಡವ್ವ ಮುಂದೆ, ನಾಯಿ ಹಿಂದೆ, ಅದರ ಹಿಂದೆ ಮುದುಕವ್ವ. ಮಗ ಬದಿಯಲ್ಲಿ ನಡೆದು ಬಂದ. ಸಂಜೆಯೊಳಗೆ ಅವನ ಹಟ್ಟಿಗೆ ಜಾಲಿಮುಳ್ಳಿನ ಹೊಸ ಬೇಲಿ ಆಯಿತು. ಹೊತ್ತು ಮುಳುಗುವಾಗ ಘಣ್ಯಾನನ್ನು ಒಳಗೆ ಕಟ್ಟುವುದು ಎಂದೂ ಮಾತಾಯಿತು.

ಆಮೇಲೆ ಬಹಳ ದಿನ ಊರವರು ಧೂಳಪ್ಪನನ್ನು ಬಿಡಲಿಲ್ಲ. ಹಾದಿಯಲ್ಲಿ ಹೋಗುವ ಕೋಳಿಯನ್ನು ತೋರಿಸಿ "ಇದ್ಯಾವ ಜಾತಿ ಕಾಕಾ?" ಎಂದು ಕೇಳುತ್ತಿದ್ದರು. ಬಬಲೇಶ್ವರದ ಸಂತೆಯಲ್ಲಿ ಅವನು ಎತ್ತಿನ ಹೆಗಲ ಮೇಲೆ ಕೈ ಇಡುವುದು ಬಿಡಲಿಲ್ಲ. ತೀರ್ಪುಗಳು ಮೊದಲಿನಂತೆಯೇ ಬರುತ್ತಿದ್ದವು. ನಡುನಡುವೆ ಒಂದೊಂದು ಸಲ, "ಇದು ನನಗ ಗೊತ್ತಾಗವಲ್ದು" ಎನ್ನುತ್ತಿದ್ದ. ಅದನ್ನೂ ಸ್ವಲ್ಪ ಜಂಬದಿಂದಲೇ ಹೇಳುತ್ತಿದ್ದ ಎನ್ನಿ. ಆದರೆ ಆಗಿನಿಂದ ಅವನ ಉಳಿದ ಮಾತುಗಳನ್ನು ಜನ ಹೆಚ್ಚು ನಂಬತೊಡಗಿದರು.

ಹಲಗೆ ಎಳೆದ ದಿನ ಸಂಜೆ ದುಂಡವ್ವ ರೊಟ್ಟಿ ಬಡಿಯುತ್ತಿದ್ದಳು. ಘಣ್ಯಾ ಎದುರು ಕೂತು ದಿನದ ಸುದ್ದಿಯನ್ನೆಲ್ಲ ರಾಗವಾಗಿ ಹೇಳುತ್ತಿತ್ತು. ಧೂಳಪ್ಪ ಹೊರಗೆ ಕೂರದೆ ಒಳಗೆ ಬಂದು, ಒಲೆಯ ಪಕ್ಕದ ಗೋಡೆಗೆ ಒರಗಿದ. ಬಹಳ ಹೊತ್ತು ಮಾತಾಡಲಿಲ್ಲ. ಅದು ವಿಶೇಷವೇ.

"ಅಲ್ರಿ, ಕಡೀಕ ಇದು ಯಾವ ಜಾತಿ ಅಂತ?" ಎಂದಳು ದುಂಡವ್ವ.

ಧೂಳಪ್ಪ ಒಲೆಯ ಬೆಳಕಿನಲ್ಲಿ ಹೆಂಡತಿಯನ್ನು ನೋಡಿದ. ರೊಟ್ಟಿ ಬಡಿಯುವ ಆ ತೋಳು, ನೀರಿನ ಕೊಡ ಹೊತ್ತು ಹೊತ್ತು ತುಸು ಇಳಿದ ಆ ಹೆಗಲು. ಇಷ್ಟು ವರ್ಷ ಮನೆ, ಹೊಲ, ಕುರಿ, ಎರಡು ಮದುವೆ, ಅದರ ಮೇಲೆ ತನ್ನ ಬಾಯಿ, ಎಲ್ಲವೂ ಮುಂದಕ್ಕೆ ಬಂದದ್ದು ಹೇಗೆ ಎಂದು ಅವನು ಎಂದೂ ಕೇಳಿಕೊಂಡಿರಲಿಲ್ಲ.

"ನಿನ್ನ ಜಾತಿ" ಎಂದ. "ಬೊಗಳೂದಿಲ್ಲ. ಎಳೀತೈತಿ."

ದುಂಡವ್ವ ತಟ್ಟುತ್ತಿದ್ದ ಕೈ ನಿಲ್ಲಿಸಿದಳು. ಆಮೇಲೆ ನಕ್ಕಳು. ನಾಯಿಗೆ ನಗುತ್ತಿದ್ದಳಲ್ಲ, ಅದೇ ನಗು.

"ನಲವತ್ತ ವರ್ಷಕ್ಕರ ಗೊತ್ತಾತಲ್ಲ" ಎಂದು, ಬಿಸಿ ರೊಟ್ಟಿಯನ್ನು ಮೊದಲು ಅವನ ತಾಟಿಗೆ ಹಾಕಿದಳು.